ಒಗೆದರೂ ಬಿಡದ ಕೆಂಪು

ಶಿಷ್ಯ ಕೇಳಿದ: "ಗುರುಗಳೇ, ಹೊಸದನ್ನು ಕಂಡುಹಿಡಿದವನಿಗಿಂತ ಅದನ್ನು ಬಲ್ಲವರು ಯಾರು? ಲೋಕಕ್ಕೆ ತಿಳಿಸುವ ಮುನ್ನ ಅದನ್ನು ಪರರ ಪರೀಕ್ಷೆಗೆ ಏಕೆ ಒಡ್ಡಬೇಕು?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಹೆಂಗಸೊಬ್ಬಳಿದ್ದಳು. ಆ ನಾಡಿನಲ್ಲಿ ಕೆಂಪು ನಿಲ್ಲುತ್ತಿರಲಿಲ್ಲ. ನಾಲ್ಕು ಸಲ ಒಗೆದರೆ ಸೀರೆ ಬಿಳಿಚಿಕೊಳ್ಳುತ್ತಿತ್ತು. ಅವಳು ಏಳು ವರ್ಷ ಸೊಪ್ಪು, ತೊಗಟೆ, ಬೇರು, ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸಿ ನೋಡಿದಳು. ಒಂದು ಬೆಳಗ್ಗೆ ಕಾಡುಬೇರೊಂದರ ಬಣ್ಣದಿಂದ ಎತ್ತಿದ ನೂಲು ಕೆಂಡದಂತೆ ಕಂಡಿತು. ಒಗೆದಳು, ಬಿಡಲಿಲ್ಲ. ಸೀಗೆ ಹಾಕಿ ಉಜ್ಜಿದಳು, ಬಿಡಲಿಲ್ಲ. ಕಲ್ಲಿಗೆ ಬಡಿದು ಬಡಿದು ಅವಳ ತೋಳುಗಳು ಸೋತವೇ ಹೊರತು ಬಣ್ಣ ಸೋಲಲಿಲ್ಲ.

ಅಲ್ಲಿನ ಬಣ್ಣದವರ ಕೂಟದಲ್ಲಿ ಒಂದು ಪುಸ್ತಕವಿತ್ತು. ಅದರಲ್ಲಿ ಬರೆದದ್ದನ್ನು ನಾಡಿನ ಬಣ್ಣದವರೆಲ್ಲ ನಂಬಿ ನಡೆಯುತ್ತಿದ್ದರು. ಬರೆಯುವ ಮೊದಲು ಬೇರೆ ಬೇರೆ ಊರಿನ ಮೂವರು ಆ ವಿಧಾನವನ್ನು ತಾವೇ ಮಾಡಿ ನೋಡಬೇಕಿತ್ತು. ಯಾರ ವಿಧಾನವೆಂದು ಅವರಿಗೆ ತಿಳಿಸುವಂತಿರಲಿಲ್ಲ. ನೋಡಿದವರು ಯಾರೆಂದು ವಿಧಾನ ಕೊಟ್ಟವರಿಗೂ ಹೇಳುವಂತಿರಲಿಲ್ಲ.

ಅವಳು ವಿಧಾನವನ್ನು ಬರೆದು ಕೂಟದ ಹಿರಿಯನಿಗೆ ಕೊಟ್ಟಳು. ಎರಡು ತಿಂಗಳು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊನೆಗೆ ಹಿರಿಯ ಕರೆಸಿ, ಮೂರು ಲಡಿ ನೂಲನ್ನು ಮುಂದಿಟ್ಟ. ಎರಡು ಕೆಂಪಾಗಿದ್ದವು. ಮೂರನೆಯದು ಕಂದು. ಅದರ ಜೊತೆ ಒಂದು ಚೀಟಿ: "ಬರೆದಂತೆಯೇ ಮೂರು ಸಲ ಮಾಡಿದೆ. ಕೆಂಪು ಬರಲಿಲ್ಲ. ಯಾವ ನೀರೆಂದು ಬರೆದಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. "ನೀರಂತೆ ನೀರು! ಇವರಿಗೆ ಕೈಹದ ಗೊತ್ತಿಲ್ಲ. ಇಬ್ಬರು ಒಪ್ಪಿದ್ದಾರಲ್ಲ ಯಜಮಾನರೇ, ಬರೆದುಬಿಡಿ."

"ಇಬ್ಬರು ಸಾಕಾಗಿದ್ದರೆ ಮೂವರನ್ನು ಏಕೆ ಕೇಳುತ್ತಿದ್ದೆವು, ತಾಯಿ?" ಎಂದ ಹಿರಿಯ.

ಯಾವ ನೀರಾದರೇನೆಂದು ತೋರಿಸಿ ಆ ಮೂರನೆಯವನ ಬಾಯಿ ಮುಚ್ಚಿಸಿಯೇ ತೀರಬೇಕೆಂದು ಅವಳು ದಾರಿಯಲ್ಲೇ ಹೊಳೆಯ ನೀರು ತುಂಬಿಕೊಂಡು ಹೋದಳು. ಅದರಲ್ಲಿ ಬೇರು ಕುದಿಸಿ ನೂಲು ಅದ್ದಿದಳು. ಕಂದು ಬಂತು. ಇನ್ನೊಮ್ಮೆ ಅದ್ದಿದಳು. ಕಂದೇ.

ಅವಳು ಒಲೆಯ ಮುಂದೆ ಕುಸಿದು ಕುಳಿತಳು. ಏಳು ವರ್ಷವೂ ಅವಳು ಬಳಸಿದ್ದು ಹಿತ್ತಿಲ ಬಾವಿಯ ನೀರು. ಆ ನೀರು ಕಾಯಿಸಿದ ಹಂಡೆಯ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದಳು. ಸುಣ್ಣ! ಕೆಂಪು ಬಂದ ಆ ಇಬ್ಬರ ನೀರಿನಲ್ಲೂ ಇದೇ ಇದ್ದಿರಬೇಕು. ಎದ್ದವಳೇ ಎಲೆಯಡಿಕೆಯ ಡಬ್ಬಿಯಿಂದ ಚಿಟಿಕೆ ಸುಣ್ಣ ತೆಗೆದು ಹೊಳೆಯ ನೀರಿಗೆ ಹಾಕಿದಳು. ಮತ್ತೆ ಬೇರು ಕುದಿಸಿದಳು. ನೂಲು ಅದ್ದಿದಳು.

ಕೆಂಪು ಬಂತು.

ಅವಳು ಕೂಗಿದ ಕೂಗಿಗೆ ನೆರೆಮನೆಯವರು ಓಡಿ ಬಂದರು. ಅವಳಿಗೆ ಅವರು ಕಾಣಲೇ ಇಲ್ಲ. ಕೆರೆಯ ನೀರು ತಂದಳು, ಸುಣ್ಣ ಹಾಕಿದಳು: ಕೆಂಪು. ಮಳೆಯ ನೀರು: ಕೆಂಪು. ಹಿಂದೆ ಸೋತು ಮೂಲೆಗೆ ಎಸೆದಿದ್ದ ಹಳೆಯ ಬೇರುಗಳನ್ನೂ ಎಳೆದು ತಂದು, ಬಾವಿಯ ನೀರಿನಲ್ಲಿ ಇರುವುದಕ್ಕಿಂತ ಹೆಚ್ಚು ಸುಣ್ಣ ಹಾಕಿ ಕುದಿಸಿದಳು. ಅವುಗಳ ಕೆಂಪೂ ಒಗೆತಕ್ಕೆ ಬಿಡದೆ ನಿಂತಿತು. ತಾನು ಕಂಡದ್ದು ಒಂದು ಬೇರಿನ ಗುಣವಲ್ಲ, ಎಲ್ಲ ಊರಿಗೂ ಎಲ್ಲ ನೀರಿಗೂ ಸಲ್ಲುವ ಗುಟ್ಟು ಎಂದು ಅವಳಿಗೆ ತಿಳಿಯಿತು.

ನೀರು ಸೋರುವ ಲಡಿಗಳನ್ನು ಹೆಗಲಿಗೆ ಹಾಕಿಕೊಂಡೇ ಅವಳು ಹಿರಿಯನ ಮನೆಗೆ ಓಡಿದಳು. ಹಿರಿಯ ಎಲ್ಲ ಕೇಳಿ, "ಮತ್ತೆ ಮೂವರು ನೋಡಬೇಕಾಗುತ್ತದೆ" ಎಂದ.

"ನೋಡಲಿ! ಮೊದಲು ಆ ಮೂರನೆಯವರಿಗೇ ಕಳಿಸಿ!" ಎಂದಳು ಅವಳು.

ಹದಿನೈದು ದಿನಕ್ಕೆ ಅವನಿಂದ ಕೆಂಪು ಲಡಿ ಬಂತು. ಈ ಸಲದ ಚೀಟಿಯಲ್ಲಿ ಒಂದೇ ಮಾತಿತ್ತು: "ಬಂತು!"

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಹೊಳೆಯುತ್ತಿತ್ತು. "ಪೂರ್ವಾಶ್ರಮದಲ್ಲಿ ತಾವೂ ಬಣ್ಣದ ಕಸುಬಿನವರಂತೆ. ಆ ಮೂರನೆಯವರು ತಾವೇ ಅಲ್ಲವೇ?" ಎಂದು ಕೈಮುಗಿದ.

"ಅಲ್ಲ," ಎಂದರು ಗುರುಗಳು. "ಆ ಇಬ್ಬರಲ್ಲಿ, ಯಾವ ನೀರೆಂದೂ ಕೇಳದೆ ಮೊದಲು ಒಪ್ಪಿಗೆ ಬರೆದುಕೊಟ್ಟವನು ನಾನು."