ಅತ್ತಿಗೆಯ ಹಾಸು, ಮೈದುನನ ಚಪ್ಪರ

"ಬುದ್ಧಿ, ಕೈಗೆ ಬಾರದ ದುಡ್ಡನ್ನು ಮನಸ್ಸಿನಲ್ಲೇ ದಾನ ಮಾಡಿದರೆ ತಪ್ಪೇನು?"

ಹೀಗೆ ಕೇಳಿದವನು ಮಠದ ಶಿಷ್ಯ ಚನ್ನವೀರ. ಬೆಳಗಿನ ಪೂಜೆ ಮುಗಿಸಿ ಗುರುಗಳು ಪಡಸಾಲೆಯಲ್ಲಿ ಕುಳಿತಿದ್ದರು. ಒಳಗೆ ಅಡುಗೆಯ ಹಾಲಮ್ಮ, ವಯಸ್ಸಾದ ಜೀವ, ದಾಸೋಹಕ್ಕೆ ಹಿಟ್ಟು ರುಬ್ಬುತ್ತಿದ್ದಳು. ಕಲ್ಲಿನ ಸದ್ದು ಪಡಸಾಲೆಗೆ ಕೇಳುತ್ತಿತ್ತು.

"ಯಾವ ದುಡ್ಡಪ್ಪಾ ಅದು?" ಎಂದರು ಗುರುಗಳು.

ಚನ್ನವೀರ ನಾಚಿಕೊಂಡ. ಜೇಬಿನಿಂದ ಒಂದು ಲಾಟರಿ ಟಿಕೆಟ್ ತೆಗೆದು ತೋರಿಸಿದ. ತರಕಾರಿ ತರಲು ಹೋದಾಗ ಬಸ್ ನಿಲ್ದಾಣದಲ್ಲಿ ಕೊಂಡದ್ದು. "ಬಹುಮಾನ ಬಂದರೆ ನನಗೆಂದು ಬಿಡಿಗಾಸೂ ಇಟ್ಟುಕೊಳ್ಳುವುದಿಲ್ಲ ಬುದ್ಧಿ. ಮೊದಲು ಹಾಲಮ್ಮಜ್ಜಿಗೆ ಒಂದು ದೊಡ್ಡ ಗ್ರೈಂಡರ್. ಪಾಪ, ಅವಳಿಗೆ ಭುಜದ ನೋವು. ಆಮೇಲೆ ದಾಸೋಹದ ಮನೆಗೆ ಹೊಸ ಸೂರು. ಇದನ್ನೆಲ್ಲ ಯೋಚಿಸುತ್ತಿದ್ದರೆ ಎದೆ ತುಂಬಿ ಬರುತ್ತದೆ. ನಾನು ಯೋಚಿಸುವುದು ಒಳ್ಳೆಯದನ್ನೇ ಅಲ್ಲವೇ?"

ಅಷ್ಟರಲ್ಲಿ ಒಳಗಿನಿಂದ ಹಾಲಮ್ಮ ಕೂಗಿದಳು. "ಚನ್ನವೀರಾ, ಒಂಚೂರು ಬಾರಪ್ಪ. ಗುಂಡು ತಿರುಗಿಸೋಕೆ ಭುಜ ಏಳ್ತಿಲ್ಲ."

"ಬಂದೆ ಅಜ್ಜೀ" ಎಂದು ಚನ್ನವೀರ ಕೂಗಿದ. ಏಳಲಿಲ್ಲ.

"ಹೋಗಿ ಬಾ" ಎಂದರು ಗುರುಗಳು. "ನಿನ್ನ ಪ್ರಶ್ನೆ ಎಲ್ಲಿಗೂ ಓಡಿಹೋಗುವುದಿಲ್ಲ."

"ಇದೊಂದು ಹೇಳಿಬಿಡಿ ಬುದ್ಧಿ. ಕೇಳಿಕೊಂಡೇ ಹೋಗುತ್ತೇನೆ."

ಗುರುಗಳು ಒಮ್ಮೆ ಒಳಬಾಗಿಲ ಕಡೆ ನೋಡಿದರು. "ಆಗಲಿ, ಹಾಗಾದರೆ ಕೇಳು" ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಕಂಬಳಿ ನೇಯುವವರ ಬೀದಿ ಇತ್ತು. ಅಲ್ಲಿ ಒಬ್ಬ ನೇಕಾರ. ಮೈಲಾರಪ್ಪ ಎಂದಿಟ್ಟುಕೋ. ಊರಿನ ಹೆಸರು ಕೇಳಬೇಡ, ನೀನು ಬಸ್ಸು ಹತ್ತಿ ನೋಡಿಕೊಂಡು ಬರುವ ಆಸಾಮಿ.

ಮೈಲಾರಪ್ಪನ ಅಣ್ಣ ತೀರಿಕೊಂಡಿದ್ದ. ಅಣ್ಣನ ಹೆಂಡತಿ ಕೆಂಚಮ್ಮ ಅದೇ ಬೀದಿಯ ಆಚೆ ತುದಿಯಲ್ಲಿದ್ದಳು. ಅವಳಿಗೆ ಒಬ್ಬಳೇ ಮಗಳು. ಮಗಳಿಗೆ ಮದುವೆ ಗೊತ್ತಾಗಿತ್ತು. ಆ ಬೀದಿಯವರಲ್ಲಿ ಹೆಣ್ಣು ಗಂಡು ಧಾರೆಗೆ ಕೂರುವುದು ಕರಿ ಕಂಬಳಿಯ ಮೇಲೆ. ಕಂಬಳಿ ಹೆಣ್ಣಿನ ಮನೆಯಲ್ಲೇ ನೇಯ್ದದ್ದಾಗಬೇಕು. ಮದುವೆಯಾದ ಮೇಲೆ ಹುಡುಗಿ ಅದನ್ನು ಮಡಿಸಿ ಗಂಡನ ಮನೆಗೆ ಒಯ್ಯುತ್ತಾಳೆ. ಅದು ಅವಳ ತವರು.

ಕೆಂಚಮ್ಮನ ಬಳಿ ಉಣ್ಣೆ ಇತ್ತು. ಎಂಥ ಉಣ್ಣೆ ಗೊತ್ತೇ? ಗಂಡ ಹಾಸಿಗೆ ಹಿಡಿಯುವ ಮೊದಲು ತನ್ನ ಕುರಿಗಳಿಂದ ಕೊನೆಯ ಸಲ ಕತ್ತರಿಸಿದ್ದು. ಆಮೇಲೆ ಕುರಿಗಳು ಆಸ್ಪತ್ರೆಯ ಖರ್ಚಿಗೆ ಹೋದವು, ಅವನೂ ಹೋದ. ಎಷ್ಟು ಕಷ್ಟ ಬಂದರೂ ಕೆಂಚಮ್ಮ ಆ ಉಣ್ಣೆಯನ್ನು ಮಾರಲಿಲ್ಲ. ಬೇವಿನ ಸೊಪ್ಪು ಹಾಕಿ ಮುಚ್ಚಿಟ್ಟಿದ್ದಳು. ಮಗಳ ಮದುವೆ ಗೊತ್ತಾದ ಮೇಲೆ ಹೊರತೆಗೆದು ತಾನೇ ನೂತಳು. ಅಪ್ಪನ ಕೈಯ ಉಣ್ಣೆಯ ಮೇಲೆ ಮಗಳು ಧಾರೆಗೆ ಕೂರಲಿ ಎಂಬುದು ಅವಳ ಆಸೆ. ಬೇರೆ ಯಾವ ಆಸೆಯೂ ಅವಳಿಗೆ ಇರಲಿಲ್ಲ.

ಕಂಬಳಿ ಹೊದ್ದು ಮಲಗುವುದು ನಿನಗೆ ಚೆನ್ನಾಗಿ ಗೊತ್ತು, ನೇಯುವುದು ಗೊತ್ತಿಲ್ಲ. ಅದಕ್ಕೇ ಹೇಳುತ್ತೇನೆ. ಕಂಬಳಿಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಆ ಹಾಸನ್ನು ಬೀದಿಯಲ್ಲಿ ಉದ್ದಕ್ಕೆ ಬಿಗಿದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಬೇಕು. ಒಣಗುವ ತನಕ ಅದು ಹಸುಗೂಸು. ಹಸಿ ಗಂಜಿಯಲ್ಲಿರುವಾಗ ಮಣ್ಣಿಗೆ ಬಿತ್ತೋ, ಎಳೆಗೆ ಎಳೆ ಅಂಟಿ ಮುದ್ದೆಯಾಗುತ್ತದೆ. ಆಮೇಲೆ ದೇವರು ಬಂದರೂ ಬಿಡಿಸಲಾರ.

ಮೋಡ ಕಂಡರೆ ಹಾಸನ್ನು ಕೂಡಲೇ ಎತ್ತಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಈಚೆ ತುದಿಯವರು ಸುತ್ತಿಕೊಳ್ಳಬೇಕು, ಆಚೆ ತುದಿಯವರು ಗಂಟು ಬಿಚ್ಚಿ, ಎತ್ತಿ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರಬೇಕು. ಗಾಳಿ ಬೀಸುವಾಗ ಕೂಗಿದರೆ ಇನ್ನೊಂದು ತುದಿಗೆ ಮಾತು ಸರಿಯಾಗಿ ಕೇಳುವುದಿಲ್ಲ. ಆದ್ದರಿಂದ ಆ ಬೀದಿಯಲ್ಲಿ ಒಂದು ಕಟ್ಟುಪಾಡು ಇತ್ತು. ಈಚೆಯವರು ಹಾಸನ್ನು ಹಿಡಿದ ಮೇಲೆ ಒಂದು ಕೈ ಎತ್ತುತ್ತಾರೆ. ನಾನು ಹಿಡಿದಿದ್ದೇನೆ, ನೀನು ಬಿಚ್ಚು ಎಂದು ಅದರ ಅರ್ಥ. ಕೈ ಎದ್ದ ಮೇಲೆ ಆಚೆಯವರು ಹಿಂದೆ ಮುಂದೆ ನೋಡುವುದಿಲ್ಲ. ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟಿದ್ದರೂ, ದಾಯಾದಿಗಳು ಕೋರ್ಟು ಹತ್ತಿದ್ದರೂ, ಹಾಸಿನ ತುದಿಯಲ್ಲಿ ಎದ್ದ ಕೈಯನ್ನು ಯಾರೂ ಅನುಮಾನಿಸಿದವರಲ್ಲ.

ಇಷ್ಟು ನೆನಪಿರಲಿ.

ಮೈಲಾರಪ್ಪ ಕೆಟ್ಟವನಾಗಿದ್ದರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ಅಣ್ಣ ಹೋದ ಮೇಲೆ ಅತ್ತಿಗೆಯ ಹಾಸು ಎತ್ತಲು ಪ್ರತಿ ಸಲ ನೆರವಾದವನು ಅವನೇ. ಆದರೆ ಆ ವರ್ಷ ಅವನೂ ನಿನ್ನ ಹಾಗೆ ಒಂದು ಲಾಟರಿ ಟಿಕೆಟ್ ಕೊಂಡ. ಕೊಂಡು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿದ. ಅಲ್ಲಿಂದ ಶುರುವಾಯಿತು ನೋಡು.

ಮೊದಮೊದಲು ತನಗೆ ಬೇಕಾದ್ದನ್ನು ಕೊಂಡುಕೊಂಡ. ಮನೆ ಕಟ್ಟಿದ, ಗಟ್ಟಿ ಚಪ್ಪಲಿ ಹಾಕಿದ, ದಿನಾ ಬಾಡೂಟ ಉಂಡ. ಅದು ಬೇಗ ಬೇಜಾರಾಯಿತು. ಒಬ್ಬನ ಹೊಟ್ಟೆಗೆ ಎಷ್ಟು ಹಿಡಿದೀತು! ಆಮೇಲೆ ಕೊಡಲು ಶುರುಮಾಡಿದ. ಕೊಡುವುದಕ್ಕೆ ಕೊನೆಯೇ ಇಲ್ಲ ನೋಡು, ಅದರಲ್ಲೇ ಅವನಿಗೆ ರುಚಿ ಹತ್ತಿತು. ಮಗ್ಗದ ಮುಂದೆ ಕುಳಿತು ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ನಗುತ್ತಿದ್ದ. ಹೆಂಡತಿ "ಏನ್ರೀ ಅದು?" ಎಂದರೆ "ನಿನಗೆ ಗೊತ್ತಾಗಲ್ಲ ಬಿಡೇ" ಎನ್ನುತ್ತಿದ್ದ.

ಇಲ್ಲಿ ಚನ್ನವೀರ ಕಿಸಕ್ಕನೆ ನಕ್ಕ. ಒಳಗೆ ರುಬ್ಬುವ ಸದ್ದು ಒಮ್ಮೆ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಧಾನವಾಗಿ ಶುರುವಾಯಿತು. ಗುರುಗಳು ಅವನನ್ನೇ ನೋಡಿ, ಮುಂದುವರಿಸಿದರು.

ಸಂತೆಯ ದಿನ ಬಂತು. ಬೀದಿಯವರೆಲ್ಲ ಕಂಬಳಿ ಹೊತ್ತು ಸಂತೆಗೆ ಹೊರಟರು. ಮೈಲಾರಪ್ಪನ ಹೆಂಡತಿಯೂ ಹೊರಟಳು. ಅವನು ಮಾತ್ರ ಹೊರಡಲಿಲ್ಲ. ನಾಳೆಯೋ ನಾಡಿದ್ದೋ ನಂಬರು ಪೇಪರಿನಲ್ಲಿ ಬರುತ್ತದೆ, ಇನ್ನು ಯಾರು ಕಂಬಳಿ ಹೊರುತ್ತಾರೆ ಎಂದು ಉಳಿದುಕೊಂಡ.

ಬಿಸಿಲು ಚೆನ್ನಾಗಿತ್ತು. ಮದುವೆ ಹತ್ತಿರ ಬಂದಿತ್ತು. ಕೆಂಚಮ್ಮ ಬಂದು ಕೇಳಿದಳು. "ಮೈಲಾರಿ, ಈ ಹೊತ್ತು ಹಾಸು ಹಾಕಲೇನಪ್ಪ? ಬೀದೀಲಿ ಯಾರೂ ಇಲ್ಲ, ಮಗಳೂ ಸಂತೆಗೆ ಹೋಗಿದಾಳೆ. ನೀನು ಇರ್ತೀಯಾ?"

"ನಾನಿದ್ದೇನಲ್ಲ ಅತ್ತಿಗೆ, ಹಾಕು" ಎಂದ.

ಸುಮ್ಮನೆ ಹೇಳಲಿಲ್ಲ. ತಾನೇ ಎದ್ದು ಹಾಸು ಕಟ್ಟಿಸಿದ. ಒಂದು ತುದಿಯನ್ನು ತನ್ನ ಜಗಲಿಯ ಕಂಬಕ್ಕೆ ಬಿಗಿದ, ಇನ್ನೊಂದು ತುದಿ ಕೆಂಚಮ್ಮನ ಬಾಗಿಲ ಗೂಟಕ್ಕೆ. ಗಂಜಿ ಬಳಿಯಲು ಕೈ ಹಾಕಿದ. ಕೆಲಸ ಮುಗಿದ ಮೇಲೆ ಕೈ ತೊಳೆದು, ಜಗಲಿಯ ಆ ಕಂಬಕ್ಕೇ ಒರಗಿ ಕುಳಿತ. ಹಾಸಿನ ತುದಿ ಅವನ ಹೆಗಲಿಗೆ ತಗಲುವಷ್ಟು ಹತ್ತಿರ.

ಕುಳಿತವನು ಹಾಸನ್ನು ನೋಡಿದ. ಪಾಪ, ಅತ್ತಿಗೆ ಎಷ್ಟು ಕಷ್ಟಪಡುತ್ತಾಳೆ ಎಂದುಕೊಂಡ. ಮಳೆ ಬಂದರೆ ಗತಿಯೇನು? ಲಾಟರಿ ಬರಲಿ, ಈ ಬೀದಿಗೆ ಈ ತುದಿಯಿಂದ ಆ ತುದಿಯ ತನಕ ಒಂದು ಚಪ್ಪರ ಹಾಕಿಸುತ್ತೇನೆ ಎಂದು ನಿಶ್ಚಯ ಮಾಡಿದ. ಸೋಗೆಯದಲ್ಲ, ತಗಡಿನದು. ಬಿಸಿಲು ಬೇಕಾದಾಗ ಸರಿಸುವ ಹಾಗೆ, ಮಳೆಗೆ ಮುಚ್ಚುವ ಹಾಗೆ. ಕಂಬ ಕಲ್ಲಿನದೋ ಕಬ್ಬಿಣದ್ದೋ ಎಂದು ಬಹಳ ಹೊತ್ತು ಯೋಚಿಸಿ ಕಲ್ಲಿನದೇ ಇರಲಿ ಎಂದುಕೊಂಡ. ಚಪ್ಪರದ ಕೆಳಗೆ ಮೊದಲು ಬೀಳುವ ಹಾಸು ಅತ್ತಿಗೆಯದೇ ಆಗಬೇಕು. ಆಮೇಲೆ ಬೇರೆಯವರದು.

ನೋಡು ಚನ್ನವೀರ, ಅವನು ಮಳೆಯನ್ನೇ ಯೋಚಿಸುತ್ತಿದ್ದ. ಅತ್ತಿಗೆಯ ಹಾಸನ್ನೇ ಯೋಚಿಸುತ್ತಿದ್ದ. ಆ ಹೊತ್ತಿಗೆ ಅವನ ಬೆನ್ನ ಹಿಂದೆ ಮೋಡ ಕಟ್ಟಿತ್ತು.

ಕನಸು ಬೆಳೆಯಿತು. ಚಪ್ಪರದ ಪೂಜೆಯ ದಿನ ಬಂತು. ಊರ ಗೌಡರು ಬಂದರು, ಡೊಳ್ಳಿನವರು ಬಂದರು. ಅತ್ತಿಗೆ ಹೊಸ ಸೀರೆ ಉಟ್ಟು ಎಲ್ಲರ ಮುಂದೆ ನಿಂತಳು. "ಮೈಲಾರಿ ನನ್ನ ಹೊಟ್ಟೇಲಿ ಹುಟ್ಟಿದ ಮಗ ಇದ್ದ ಹಾಗೆ" ಎಂದು ಅತ್ತಳು. ಮೈಲಾರಪ್ಪನಿಗೂ ಕಣ್ಣು ತುಂಬಿತು. ನಿಜವಾದ ಕಣ್ಣೀರು ಕಣಯ್ಯ, ಕೆನ್ನೆಯ ಮೇಲೆ ಇಳಿಯಿತು.

ಬೀದಿಯ ಆಚೆ ತುದಿಯಿಂದ ಕೆಂಚಮ್ಮ ಕೂಗುತ್ತಿದ್ದಳು. "ಮೈಲಾರೀ! ಮಳೆ ಬಂತೋ! ಹಿಡಿಯೋ!" ಗಾಳಿ ಎದ್ದಿತ್ತು. ಅವನ ಕಿವಿಗೆ ಬಿದ್ದದ್ದು ತನ್ನ ಹೆಸರು ಮಾತ್ರ. ಅದನ್ನು ಅವನು ಚಪ್ಪರದ ಕೆಳಗೆ ಕೇಳಿದ. ಜನರೆಲ್ಲ ತನ್ನ ಹೆಸರು ಹಿಡಿದು ಹೊಗಳುತ್ತಿದ್ದಾರೆ ಎಂದುಕೊಂಡ. ಅವನಿಗೆ ಸಂಕೋಚವಾಯಿತು. ಸಾಕು, ಇರಲಿ ಬಿಡಿ, ನಾನೇನು ದೊಡ್ಡದು ಮಾಡಿದೆ ಎನ್ನುವ ಹಾಗೆ ಒಂದು ಕೈ ಎತ್ತಿದ.

ಕೆಂಚಮ್ಮ ಆ ಕೈಯನ್ನು ನೋಡಿದಳು. ಮೈದುನ ಹಿಡಿದುಕೊಂಡ ಎಂದು ಗಂಟು ಬಿಚ್ಚಿದಳು.

ಹಾಸನ್ನು ಎತ್ತಿ ಹಿಡಿದು ಮುಂದೆ ಮುಂದೆ ಬಂದಳು. ಈಚೆ ಸುತ್ತಿಕೊಳ್ಳುವವರು ಯಾರೂ ಇರಲಿಲ್ಲ. ಗಂಜಿ ಕುಡಿದ ಹಾಸು, ಭಾರಕ್ಕೆ ನಡುವಿನಲ್ಲಿ ಇಳಿಯಿತು, ಮಣ್ಣಿಗೆ ಮುಟ್ಟಿತು, ಪೂರಾ ಮಲಗಿತು. ಅದರ ಮೇಲೆ ಮಳೆ ಬಿತ್ತು.

ಮೈಲಾರಪ್ಪನಿಗೆ ಎಚ್ಚರವಾದದ್ದು ಮಳೆಹನಿ ಮುಖಕ್ಕೆ ಹೊಡೆದಾಗ. ಅಯ್ಯಯ್ಯೋ ಎಂದು ಜಗಲಿಯಿಂದ ಹಾರಿದ. ಇಬ್ಬರೂ ಸೇರಿ ಎತ್ತಿದರು. ಏನು ಎತ್ತುವುದು! ಕೆಮ್ಮಣ್ಣು, ಗಂಜಿ, ಉಣ್ಣೆ ಎಲ್ಲ ಒಂದಾಗಿತ್ತು. ಕೆಂಚಮ್ಮ ಕೆಸರಿನಲ್ಲೇ ಕುಳಿತು ಒಂದೊಂದೇ ಎಳೆ ಬಿಡಿಸಲು ನೋಡಿದಳು. ಬಿಡಿಸಿದಷ್ಟೂ ಹರಿಯಿತು.

"ಅಳಬೇಡ ಅತ್ತಿಗೆ" ಎಂದ ಮೈಲಾರಪ್ಪ. ಅವನೂ ಅಳುತ್ತಿದ್ದ. "ನಾಳೆ ನನ್ನ ನಂಬರು ಬರಲಿ. ಒಂದು ಗಾಡಿ ಉಣ್ಣೆ ತಂದು ನಿನ್ನ ಬಾಗಿಲಿಗೆ ಸುರಿಯುತ್ತೇನೆ. ನೆನೆಯದ ಹಾಗೆ ಇಲ್ಲಿ ತಗಡಿನ ಚಪ್ಪರ ಹಾಕಿಸುತ್ತೇನೆ. ನಿನ್ನಾಣೆ, ಈಗ ತಾನೇ ಅದನ್ನೇ ಯೋಚಿಸುತ್ತಿದ್ದೆ."

ಕೆಂಚಮ್ಮ ತಲೆ ಎತ್ತಲಿಲ್ಲ. "ಇದು ನಿಮ್ಮಣ್ಣ ಕತ್ತರಿಸಿದ ಉಣ್ಣೆ ಕಣಪ್ಪ" ಎಂದಳು.



ಮದುವೆಯೇನೂ ನಿಲ್ಲಲಿಲ್ಲ. ಯಾರ ಮನೆಯಿಂದಲೋ ಕಂಬಳಿ ತಂದು ಹಾಸಿದರು, ಹೆಣ್ಣು ಗಂಡು ಕುಳಿತರು, ಧಾರೆಯಾಯಿತು. ಕಂಬಳಿಯನ್ನು ಸಂಜೆಗೆ ಆ ಮನೆಯವರಿಗೆ ಮಡಿಸಿ ಕೊಟ್ಟರು. ಹುಡುಗಿ ಬರಿಗೈಯಲ್ಲಿ ಗಂಡನ ಮನೆಗೆ ಹೋದಳು. ಕೆಂಚಮ್ಮ ಮೈದುನನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಬೀದಿಯಲ್ಲಿ ಇನ್ನೊಂದು ಆಯಿತು. ಮೈಲಾರಪ್ಪ ಆಮೇಲೂ ಎಲ್ಲರ ಹಾಸು ಎತ್ತಲು ನೆರವಿಗೆ ಬರುತ್ತಿದ್ದ. ಮೊದಲಿಗಿಂತ ಹೆಚ್ಚೇ ಬರುತ್ತಿದ್ದ. ಬೇಡ ಎಂದು ಯಾರೂ ಅನ್ನಲಿಲ್ಲ. ಆದರೆ ಅವನು ಕೈ ಎತ್ತಿದರೆ ಆಚೆ ತುದಿಯವರು ಗಂಟು ಬಿಚ್ಚುತ್ತಿರಲಿಲ್ಲ. ಈ ತುದಿಯ ತನಕ ನಡೆದು ಬಂದು, ಹಿಡಿದಿದ್ದಾನೋ ಇಲ್ಲವೋ ಎಂದು ಕಣ್ಣಾರೆ ನೋಡಿಕೊಂಡು, ಆಮೇಲೆ ಹಿಂದಿರುಗಿ ಹೋಗಿ ಬಿಚ್ಚುತ್ತಿದ್ದರು. ಅವನು ಅಲ್ಲಿಯ ತನಕ ಕೈ ಎತ್ತಿಕೊಂಡೇ ನಿಂತಿರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ನಿಟ್ಟುಸಿರು ಬಿಟ್ಟ. ಅವನಿಗೆ ಕೆಂಚಮ್ಮನ ಮೇಲೆ ಬಹಳ ಕನಿಕರ ಬಂದಿತ್ತು. ಕಣ್ಣು ಒರೆಸಿಕೊಂಡ. ಟಿಕೆಟ್ಟು ಇನ್ನೂ ಅವನ ಕೈಯಲ್ಲಿಯೇ ಇತ್ತು. ಅದನ್ನು ಒಮ್ಮೆ ತಿರುಗಿಸಿ ನೋಡಿದ. ತಡೆಯಲಾರದೆ ಕೇಳಿಯೇಬಿಟ್ಟ.

"ಬುದ್ಧಿ, ಕೊನೆಗೆ ಅವನ ನಂಬರಿಗೆ ಬಹುಮಾನ ಬಂತೇ?"

ಗುರುಗಳು ಹೇಳಿದರು: "ಒಳಗೆ ರುಬ್ಬುವ ಸದ್ದು ನಿಂತು ಎಷ್ಟು ಹೊತ್ತಾಯಿತು, ಚನ್ನವೀರ?"