ಎರಡು ಕೇರಿಯ ಹಾಡು

"ಗುರುಗಳೇ, ನಿಮ್ಮ ನಂತರ ನಿಮ್ಮ ವಿದ್ಯೆ ನಮ್ಮಲ್ಲಿ ಯಾರ ಪಾಲಿಗೆ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ. ಇದೇ ವಿಷಯಕ್ಕೆ ಅವನಿಗೂ ಜೊತೆಯ ಶಿಷ್ಯ ಅಡಿವೆಯ್ಯನಿಗೂ ಮಾತು ನಿಂತು ತಿಂಗಳಾಗಿತ್ತು. ಊಟಕ್ಕೂ ಒಬ್ಬ ಎದ್ದ ಮೇಲೆಯೇ ಇನ್ನೊಬ್ಬ ಕೂರುತ್ತಿದ್ದ.

ಗುರುಗಳು ನಕ್ಕರು. "ನಾನಿನ್ನೂ ಗಟ್ಟಿಯಾಗಿದ್ದೇನಪ್ಪ, ಆಗಲೇ ಪಾಲು ಹಾಕುತ್ತೀಯಾ? ಕೂತುಕೋ" ಎಂದು ಕತೆ ಶುರು ಮಾಡಿದರು.

ಸಮುದ್ರದಾಚೆಯ ಒಂದು ದ್ವೀಪದಲ್ಲಿ ರೆಗ್ಗೆ ಎಂಬ ಅಲ್ಲಿಯ ಸಂಗೀತದ ಹಾಡುಗಾರನೊಬ್ಬನಿದ್ದ. ಅವನ ಊರಿನಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ, ನಡುವೆ ಒಂದು ಹಳ್ಳ. ಎರಡು ಕೇರಿಗಳೂ ಹಾವು ಮುಂಗುಸಿಯಂತಿದ್ದವು. ಹಾಡುಗಾರ ಮೇಲಿನ ಕೇರಿಯಿಂದ ಡ್ರಮ್ ಬಾರಿಸುವವನೊಬ್ಬನನ್ನು, ಕೆಳಗಿನ ಕೇರಿಯಿಂದ ಗಿಟಾರ್ ನುಡಿಸುವವಳೊಬ್ಬಳನ್ನು ಕರೆತಂದು ತಂಡ ಕಟ್ಟಿದ. ರೆಗ್ಗೆಯಲ್ಲಿ ಯಾರೂ ಒಂದೇ ಸಮನೆ ನುಡಿಸುವಂತಿಲ್ಲ. ಡ್ರಮ್ ಒಂದು ಪೆಟ್ಟು ಕೊಟ್ಟು ಸುಮ್ಮನಾಗಬೇಕು. ಆ ಖಾಲಿ ಜಾಗದಲ್ಲಿ ಗಿಟಾರ್ ನುಡಿಯಬೇಕು.

ಡ್ರಮ್‌ನವನಿಗೆ ಕೈ ತುರಿಸುತ್ತಿತ್ತು. "ಇಲ್ಲೂ ಒಂದು ಪೆಟ್ಟು ಹಾಕಲೇನಣ್ಣ?" ಎಂದ.

"ಬೇಡ ತಮ್ಮ, ಆ ಜಾಗ ನಿನ್ನದಲ್ಲ" ಎಂದ ಹಾಡುಗಾರ.

ಇಪ್ಪತ್ತು ವರ್ಷ ಹೀಗೆ ನುಡಿಸಿದ ಮೇಲೆ ಹಾಡುಗಾರ ತೀರಿಕೊಂಡ. ಅವನು ನಮ್ಮವನು ಎಂದು ಎರಡು ಕೇರಿಗಳೂ ಹಟ ಹಿಡಿದವು. ಡ್ರಮ್ ಮೇಲಿನ ಕೇರಿಗೆ ಹೋಯಿತು, ಗಿಟಾರ್ ಕೆಳಗಿನ ಕೇರಿಗೆ. ಅವನು ತೀರಿ ವರ್ಷ ತುಂಬಿದ ದಿನ ಎರಡೂ ದಂಡೆಯಲ್ಲಿ ಆಳೆತ್ತರಕ್ಕೆ ಸ್ಪೀಕರ್ ಪೆಟ್ಟಿಗೆ ಪೇರಿಸಿ, ಹಳ್ಳದ ಕಡೆಗೇ ಮುಖ ಮಾಡಿಟ್ಟರು. ಎದುರಿನವರ ಸದ್ದು ಅಡಗಿಸಬೇಕು, ಅಷ್ಟೇ ಉದ್ದೇಶ.

ಬೆಳಗ್ಗೆ ಡ್ರಮ್‌ನವನು ಹಾಡುಗಾರನ ಹಾಡು ಎತ್ತಿಕೊಂಡ. ಒಂದು ಪೆಟ್ಟು, ಒಂದು ಖಾಲಿ. ಮತ್ತೊಂದು ಪೆಟ್ಟು, ಮತ್ತೆ ಖಾಲಿ. ಹಾಡು ಹಲ್ಲು ಬಿದ್ದ ಬಾಯಿಯಂತಾಯಿತು. ಜನ ಮುಖ ಮುಖ ನೋಡಿಕೊಂಡರು. ಅವನಿಗೆ ನಾಚಿಕೆಯಾಯಿತು. ಖಾಲಿ ಜಾಗವನ್ನು ತಾನೇ ತುಂಬಿಬಿಡೋಣ ಎಂದುಕೊಂಡರೆ ಪಳಗಿದ ಕೈ ಒಪ್ಪಲಿಲ್ಲ.

ಅಷ್ಟರಲ್ಲಿ ಆಚೆ ದಂಡೆಯಲ್ಲಿ ಗಿಟಾರ್ ಎದ್ದಿತು. ಅವನನ್ನು ಸೋಲಿಸಲೆಂದೇ ಅವಳೂ ಅದೇ ಹಾಡು ಹಿಡಿದಿದ್ದಳು. ಆದರೆ ಅವಳ ಕೈ ಪಳಗಿದ್ದೂ ಅದೇ ಹಾಡುಗಾರನ ಹತ್ತಿರ. ಡ್ರಮ್ ಕಿವಿಗೆ ಬಿದ್ದದ್ದೇ ತಡ, ಅದು ಬಿಟ್ಟ ಜಾಗಕ್ಕೆ ಬೆರಳು ತಾವಾಗಿಯೇ ಹೋದವು. ಹಳ್ಳದ ಮೇಲೆ ಹಾಡು ಇಡಿಯಾಯಿತು.

ಡ್ರಮ್‌ನವನಿಗೆ ಸಂತೋಷ ತಡೆಯಲಾಗಲಿಲ್ಲ, ಬಾರಿಸುತ್ತಲೇ ಗೊಳ್ಳೆಂದು ನಕ್ಕ. ಎರಡೂ ದಂಡೆಯ ಜನ ಕುಣಿದರು. ಕುಣಿಯುತ್ತ ಹಳ್ಳಕ್ಕೇ ಇಳಿದರು. ಯಾವ ಕೇರಿಯ ಕೆಸರು ಯಾರ ಬಟ್ಟೆಗೆ ಮೆತ್ತಿತೋ ನೋಡುವವರಿರಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಆ ಹಾಡನ್ನು ಹಳ್ಳದಲ್ಲೇ ನಿಂತು ನುಡಿಸುತ್ತಾರೆ.

ಮುರಿಗೆಪ್ಪನ ಮುಖ ಅರಳಿತ್ತು. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಿಮ್ಮ ವಿದ್ಯೆ ಯಾರ ಪಾಲಿಗೆ ಎಂದು ಹೇಳಲಿಲ್ಲ."

"ನಿನಗೆ ಕಲಿಸಿದ್ದು ಅರ್ಧ, ಇನ್ನರ್ಧ ಅಡಿವೆಯ್ಯನ ಹತ್ತಿರ ಇದೆ; ಏಳು, ಅವನು ಊಟಕ್ಕೆ ಕೂತಿದ್ದಾನೆ" ಎಂದರು ಗುರುಗಳು.