ಮುನಿಲಕ್ಷ್ಮಮ್ಮನ ರಕ್ತ ಹೇಳಿದ ಮಾತು

ಮುನಿಲಕ್ಷ್ಮಮ್ಮ ರೇಷ್ಮೆ ನೂಲು ತೆಗೆಯುವ ಕೆಲಸದವಳು. ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಅವಳ ಬೆರಳ ಸಂದಿ ಹುಣ್ಣಾಗಿತ್ತು. ಅಂಗೈ ಊದಿ, ಮೂರು ದಿನ ಜ್ವರ ಕಾದರೂ ಕೆಲಸ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಿಲ್ಲಲಾಗದೆ ಆಸ್ಪತ್ರೆಗೆ ಹೊರಟಳು.

ನಮ್ಮ ಜನ ಆಸ್ಪತ್ರೆಗೆ ಹೊರಡುವ ಚಂದ ನಿಮಗೆ ಗೊತ್ತೇ ಇದೆ. ಮುಖ ತೊಳೆದು, ತಲೆ ಬಾಚಿ, ಕುಂಕುಮ ಇಟ್ಟು, ದಾರಿಯಲ್ಲಿ ಎರಡು ಜ್ವರದ ಮಾತ್ರೆ ನುಂಗಿ, ಬೀಗರ ಮನೆಗೆ ಹೊರಟಂತೆ ಹೋಗುತ್ತೇವೆ. ಅವಳೂ ಹಾಗೆಯೇ ಹೋದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದವರು ಹೊಸ ಡಾಕ್ಟರ್ ಸುಚೇತ್. ಬುದ್ಧಿವಂತರು, ಸ್ವಲ್ಪ ಅವಸರದವರು. ಮೈ ಮುಟ್ಟಿದರೆ ಜ್ವರವಿಲ್ಲ, ಬಿ.ಪಿ. ಸರಿಯಾಗಿದೆ, ರೋಗಿ ಚೆನ್ನಾಗಿದ್ದೇನೆ ಎಂದು ನಗುತ್ತ ಮಾತಾಡುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವರ ಪುಸ್ತಕದಲ್ಲಿ ಇರಲಿಲ್ಲವೇನೋ. ಕೈಗೆ ಪಟ್ಟಿ ಕಟ್ಟಿಸಿ, ಮಾತ್ರೆ ಬರೆದು, ಮನೆಗೆ ಹೋಗಬಹುದು ಎಂದರು. ಅವಳಿಗೂ ಅದೇ ಬೇಕಿತ್ತು.

ಆದರೆ ಉಸಿರು ಯಾಕೋ ಜೋರಾಗಿದೆ ಎಂದು ನರ್ಸ್ ಮೊದಲೇ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ವರದಿ ಬಂತು. ಲ್ಯಾಕ್ಟೇಟ್ ಎಂಬ ಅಂಶ ಇರಬೇಕಾದ್ದರ ಎರಡು ಪಟ್ಟು ಇತ್ತು. ಸೋಂಕು ಮೈಯೆಲ್ಲ ವ್ಯಾಪಿಸಿ ಅಂಗಾಂಗಗಳು ಸೋಲತೊಡಗಿದಾಗ ಅದು ಹೀಗೆ ಏರುವುದುಂಟು.

ಸುಚೇತ್ ನಂಬಲಿಲ್ಲ. ಪರೀಕ್ಷೆಯಲ್ಲೇ ಏನೋ ತಪ್ಪಾಗಿರಬೇಕು ಎಂದರು. ಹಿರಿಯ ವೈದ್ಯೆ ವಾರಿಜಾ ವರದಿ ನೋಡಿ, ಮುನಿಲಕ್ಷ್ಮಮ್ಮನ ಪಕ್ಕ ಕೂತು, ಬರುವ ಮೊದಲು ಏನು ನುಂಗಿದಿರಿ ಎಂದು ಕೇಳಿದರು. ಜ್ವರವನ್ನು ಅಡಗಿಸಿದ್ದ ಮಾತ್ರೆಯ ಸಂಗತಿ ಹೊರಬಿತ್ತು. ಹಿಂದಿನ ಸಂಜೆಯಿಂದ ಮೂತ್ರವೇ ಆಗಿಲ್ಲ ಎಂಬುದೂ ತಿಳಿಯಿತು.

"ಇವರು ಮುಖ ತೊಳ್ಕೊಂಡು ಬಂದಿದಾರೆ ಡಾಕ್ಟ್ರೇ, ಇವರ ರಕ್ತ ತೊಳ್ಕೊಳ್ದೆ ಹಾಗೇ ಬಂದಿದೆ," ಎಂದರು ವಾರಿಜಾ. "ಇನ್ನೊಂದು ಸಲ ಪರೀಕ್ಷೆಗೆ ಕಳಿಸಿ. ಆದ್ರೆ ಅದು ಬರೋವರೆಗೂ ಕಾಯಬೇಡಿ. ಡ್ರಿಪ್ಪು, ಆಂಟಿಬಯಾಟಿಕ್ಕು ಈಗಲೇ ಶುರು ಮಾಡಿ."

ಎರಡನೆಯ ವರದಿಯಲ್ಲಿ ಅಂಕಿ ಇನ್ನೂ ಏರಿತ್ತು. ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಕುಸಿಯಿತು. ಅಷ್ಟರಲ್ಲಿ ಔಷಧಿ ಮೈಗೆ ಸೇರಿ ಮೂರು ಗಂಟೆ ಕಳೆದಿತ್ತು. ಎರಡು ದಿನ ಜೀವ ತೂಗಾಡಿತು, ಕೊನೆಗೆ ಉಳಿದುಕೊಂಡಳು.

ವಾರದ ಬಳಿಕ ಸುಚೇತ್ ಅವಳ ಮಂಚದ ಬಳಿ ನಿಂತು, "ಅವತ್ತು ನಿಮ್ಮನ್ನ ಮನೆಗೆ ಕಳಿಸಿಬಿಡ್ತಿದ್ದೆ ಅಮ್ಮ, ತಪ್ಪಾಯ್ತು" ಎಂದರು. ಅಷ್ಟು ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು.

"ನಿನ್ನೊಬ್ಬಂದೇ ಅಲ್ಲಪ್ಪ," ಎಂದಳು ಮುನಿಲಕ್ಷ್ಮಮ್ಮ. "ಚೆನ್ನಾಗಿದೀನಿ ಅಂತ ನಿಂಗೆ ಸುಳ್ಳು ಹೇಳ್ದೋಳು ನಾನೇ."

ನೀತಿ: ವೈದ್ಯರ ಮುಂದೆ ಗಟ್ಟಿಗರಂತೆ ನಟಿಸಬೇಡಿ, ಇದ್ದದ್ದನ್ನು ಇದ್ದಂತೆ ಹೇಳಿ. ಕಣ್ಣು ಒಂದು ಹೇಳಿ ಪರೀಕ್ಷೆ ಇನ್ನೊಂದು ಹೇಳಿದರೆ, ಕಣ್ಣನ್ನೇ ನಂಬಿ ಸುಮ್ಮನಾಗಬೇಡಿ.